ಗೋಡೆಯಿಂದ ಸೈಕಲ್ ಇಳಿಸಿ

"ಮಾನ್ಯ ಸಂಪಾದಕರೇ, ಸೈಕಲ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಜನವರಿಯಲ್ಲಿ ಗೇರಿನ ಸೈಕಲ್ ಕೊಂಡೆ. ಮನೆಯಿಂದ ವಿದ್ಯಾನಗರದ ಕಚೇರಿಗೆ ಸುಮಾರು ಆರು ಕಿಲೋಮೀಟರ್. ಮೇ ಕೊನೆಯ ತನಕ ಸುಖವಾಗಿತ್ತು. ಮಳೆ ಹಿಡಿದ ಹತ್ತೇ ದಿನದಲ್ಲಿ ಚೈನು ಕೆಂಪಾಯಿತು, ಬ್ರೇಕ್ ಹಿಡಿಯದಾಯಿತು, ಅಂಗಿಯ ಬೆನ್ನಿಗೆ ಕೆಸರಿನ ಗೆರೆ. ದಿನಾ ತೆಂಗಿನೆಣ್ಣೆ ಹಚ್ಚಿದರೂ ಪ್ರಯೋಜನವಾಗಲಿಲ್ಲ. ಈಗ ಸೈಕಲ್ ಗೋಡೆಯಲ್ಲಿ ತೂಗುತ್ತಿದೆ. ಸೈಕಲ್ ಏನಿದ್ದರೂ ಮೈಸೂರು, ಧಾರವಾಡದವರಿಗೆ, ನಮ್ಮ ಕಾಸರಗೋಡಿಗೆ ಹೇಳಿದ್ದಲ್ಲ. ಒಪ್ಪುತ್ತೀರಾ?"
– ಓದುಗರು, ಕೂಡ್ಲು

ಇಲ್ಲ, ಒಪ್ಪುವುದಿಲ್ಲ.

ನಿಮ್ಮ ಮಾತಿನಲ್ಲಿ ನಿಜ ಇಲ್ಲವೆಂದಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು. ಮೈಸೂರಿನಲ್ಲಿ ಅದರ ಮೂರನೇ ಒಂದು ಪಾಲೂ ಬೀಳುವುದಿಲ್ಲ. ಸಿಡಿಲು ಮಿಂಚಿನ ಸಂಜೆ, ದಾರಿಯ ಮೇಲೆ ನೀರು ನಿಂತು ಚರಂಡಿ ಎಲ್ಲಿ, ರಸ್ತೆ ಎಲ್ಲಿ ಎಂದು ತಿಳಿಯದ ದಿನ ಬಸ್ಸು ಹಿಡಿಯುವುದೇ ಸರಿ. ಅಂಥ ದಿನಗಳು ಇಡೀ ಮಳೆಗಾಲದಲ್ಲಿ ಕೆಲವೇ. ಉಳಿದ ದಿನಗಳ ಮಾತು ಬೇರೆ. ವಿಶ್ವಸಂಸ್ಥೆ 2018ರಲ್ಲಿ ಸೈಕಲ್ ದಿನವೆಂದು ಗೊತ್ತುಮಾಡಿದ್ದು ಜೂನ್ 3ನ್ನು. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ನಮ್ಮ ಸೈಕಲ್ ದಿನ ಹೆಚ್ಚಿನ ವರ್ಷ ಮಳೆಯಲ್ಲೇ ಬರುತ್ತದೆ. ಫಿನ್ಲೆಂಡಿನ ಔಲು ಪಟ್ಟಣದ ಮಕ್ಕಳು ಹಿಮದ ಮೇಲೆ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಅಲ್ಲಿನ ಹಿಮಕ್ಕಿಂತ ನಮ್ಮ ಮಳೆ ಕಷ್ಟದ್ದಲ್ಲ.

ತಪ್ಪು ಮಳೆಯದ್ದಲ್ಲ, ನಿಮಗೆ ಮಾರಿದ ಸೈಕಲ್ಲಿನದ್ದು. ಮಡ್‌ಗಾರ್ಡ್ ಇಲ್ಲ, ಚೈನಿಗೆ ಕವರಿಲ್ಲ, ಟಯರಿನ ತುಂಬ ರಬ್ಬರಿನ ಗುಬ್ಬಿ (ಉಬ್ಬು), ಮುಂದೆ ಸ್ಪ್ರಿಂಗ್ ಫೋರ್ಕು. ಗುಡ್ಡದ ಕಾಡುದಾರಿಗೆ ಮಾಡಿದ್ದನ್ನು ಕಚೇರಿಗೆ ಹೋಗುವವರ ಕೈಗೆ ಕೊಟ್ಟರೆ ಹೀಗೇ ಆಗುವುದು. ಹಾಲಿನವರು, ಮೀನಿನವರು, ಅಂಚೆಯವರು ತಲೆಮಾರುಗಟ್ಟಲೆ ತುಳಿದ ಕಪ್ಪು ಸೈಕಲ್ಲನ್ನು ನೆನಪಿಸಿಕೊಳ್ಳಿ. ಎರಡೂ ಚಕ್ರಕ್ಕೆ ಉದ್ದನೆಯ ತಗಡಿನ ಮಡ್‌ಗಾರ್ಡ್, ಚೈನನ್ನು ಪೂರ್ತಿ ಮುಚ್ಚುವ ಕವರು, 28 ಇಂಚಿನ ಚಕ್ರಕ್ಕೆ ಒಂದೂವರೆ ಇಂಚಿನ ನಯವಾದ ಟಯರು, ಹಿಂದೆ ಕ್ಯಾರಿಯರ್, ಡೈನಮೋ. ಆ ಸೈಕಲ್ಲಿಗೆ ಮಳೆ ಏನೆಂದು ಗೊತ್ತಿತ್ತು. ಅದಕ್ಕಿದ್ದ ಒಂದೇ ಕೊರತೆ ರಾಡ್ ಬ್ರೇಕು, ಅದರ ಮಾತು ಮುಂದೆ ಬರುತ್ತದೆ.

ಮೊದಲ ಖರ್ಚು ಮಡ್‌ಗಾರ್ಡಿಗೆ ಆಗಲಿ. ಸೀಟಿನ ಪೈಪಿಗೆ ಸಿಕ್ಕಿಸುವ ಗೇಣುದ್ದದ ಪ್ಲಾಸ್ಟಿಕ್ ತುಂಡು ಬೇಡ. ಟಯರಿಗಿಂತ ಎರಡೂ ಪಕ್ಕ ಅರ್ಧರ್ಧ ಸೆಂಟಿಮೀಟರ್ ಅಗಲ ಇರುವ, ಕಡ್ಡಿ ಕೊಟ್ಟು ಆಕ್ಸಿಲಿನ ಹತ್ತಿರ ಬೋಲ್ಟ್ ಮಾಡುವ ಪೂರ್ತಿ ಉದ್ದದ್ದನ್ನೇ ಹಾಕಿಸಿ. ನಿಮ್ಮ ಬೆನ್ನಿಗೆ ಕೆಸರೆರಚುವುದು ಹಿಂದಿನ ಚಕ್ರ. ಆದರೆ ಚೈನನ್ನು ಹಾಳುಮಾಡುವುದು ಮುಂದಿನ ಚಕ್ರ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅದು ಎತ್ತಿ ಎಸೆಯುವ ಮುರಕಲ್ಲಿನ ಕೆಂಪು ರಾಡಿ ನೇರ ಪೆಡಲಿನ ಬುಡಕ್ಕೂ ಚೈನಿಗೂ ಬಂದು ಬೀಳುತ್ತದೆ. ಆದ್ದರಿಂದ ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೆಯ ಲಾರಿ ಟ್ಯೂಬಿನ ತುಂಡೊಂದನ್ನು ಎರಡು ಸ್ಕ್ರೂ ಹಾಕಿ ಇಳಿಬಿಡಿ. ನೆಲದಿಂದ ನಾಲ್ಕು ಬೆರಳು ಮೇಲೆ ನಿಂತರೆ ಸಾಕು. ನಿಮ್ಮ ಅರ್ಧ ದೂರು ಇಷ್ಟರಲ್ಲೇ ಮುಗಿಯುತ್ತದೆ.

ಇನ್ನು ತೆಂಗಿನೆಣ್ಣೆ. ದಿನಾ ಹಚ್ಚಿದ ನಿಮ್ಮ ಶ್ರದ್ಧೆ ದೊಡ್ಡದು, ಎಣ್ಣೆ ಮಾತ್ರ ತಪ್ಪು. ಅದು ತಲೆಗೆ, ಪಲ್ಯಕ್ಕೆ. ಚೈನಿನ ಮೇಲೆ ಒಂದು ಮಳೆಗೆ ನಿಲ್ಲುವುದಿಲ್ಲ, ನಿಂತಷ್ಟು ದಿನ ಹುಡಿ ಹಿಡಿದು ಅಂಟಾಗುತ್ತದೆ. ಗ್ಯಾರೇಜಿನ ಕರಿ ಆಯಿಲ್ ಇನ್ನೂ ಕೆಟ್ಟದ್ದು, ಅದರಲ್ಲಿ ಇಂಜಿನ್ ಸವೆದ ಲೋಹದ ಪುಡಿ ಇರುತ್ತದೆ. ಮಳೆಗೆಂದೇ ಬರುವ ದಪ್ಪ ಚೈನ್ ಆಯಿಲ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಬೈಕಿನ ಹೊಸ ಗೇರ್ ಆಯಿಲ್ ಆದೀತು.

ಹಚ್ಚುವ ಕ್ರಮ ಹೀಗೆ. ಮೊದಲು ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ನೀರು, ಮಣ್ಣು ಒರೆಸಿ. ಚೈನಿನ ಕೆಳ ಎಳೆಯ ಒಳಮೈಗೆ, ಒಂದೊಂದು ರೋಲರಿಗೆ ಒಂದೊಂದೇ ಹನಿ ಬಿಡಿ. ನೂರಹದಿನೈದರಷ್ಟು ಕೊಂಡಿಗೆ ಐದಾರು ಮಿಲಿಲೀಟರ್ ಸಾಕು, ಒಂದು ಟೀ ಚಮಚದಷ್ಟು. ಹತ್ತಿಪ್ಪತ್ತು ಸುತ್ತು ತಿರುಗಿಸಿ ಹತ್ತು ನಿಮಿಷ ಬಿಡಿ. ಆಮೇಲೆ ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಒರೆಸುವುದೆಂದರೆ ಹಲವರಿಗೆ ಜೀವ ಹೋದಂತಾಗುತ್ತದೆ. ಆದರೆ ಸವೆಯುವುದು ಒಳಗಿನ ಪಿನ್ನು, ಹೊರಗಿನ ಪಟ್ಟಿಯಲ್ಲ. ಹೊರಗೆ ಉಳಿದ ಎಣ್ಣೆ ಮರಳು ಹಿಡಿಯುವುದಕ್ಕಷ್ಟೇ ಉಪಯೋಗ. ಜೂನ್, ಜುಲೈಯಲ್ಲಿ ವಾರಕ್ಕೆ ಎರಡು ಸಲ, ಡಿಸೆಂಬರಿನಲ್ಲಿ ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ರಾತ್ರಿ ಬೆಳಗಾಗುವುದರೊಳಗೆ ಪಟ್ಟಿಗೆ ಬಂದ ಕೆಂಪು ಮೇಲುಮೇಲಿನದ್ದು, ನಾಲ್ಕು ಸುತ್ತು ತುಳಿದರೆ ಹೋಗುತ್ತದೆ. ಅದಕ್ಕೆ ಹೆದರಿ ಸೈಕಲ್ಲನ್ನು ಗೋಡೆಗೇರಿಸುವವರುಂಟೇ? ನಿಜವಾದ ಸವೆತ ತಿಳಿಯಲು ಇಂಚಿನ ಸ್ಕೇಲ್ ಹಿಡಿಯಿರಿ. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ ಮುಂದಿನ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಅದು ಫ್ರೀವೀಲಿನ ಹಲ್ಲನ್ನೂ ತಿಂದಿರುತ್ತದೆ, ಎರಡಕ್ಕೂ ದುಡ್ಡು ಕೊಡಬೇಕು.

ಬ್ರೇಕಿನ ಮಾತು. ಹಳೆಯ ಕಪ್ಪು ಸೈಕಲ್ಲಿನ ಕ್ರೋಮ್ ರಿಮ್ಮು ನೆನೆದರೆ ರಾಡ್ ಬ್ರೇಕಿನ ರಬ್ಬರು ಹಿಡಿಯುತ್ತಲೇ ಇರಲಿಲ್ಲ. ನಿಮ್ಮದು ಅಲ್ಯುಮಿನಿಯಂ ರಿಮ್ಮಾಗಿದ್ದರೆ ನೀವು ಪುಣ್ಯವಂತರು. ಆದರೂ ಮೊದಲ ಒಂದೆರಡು ಸುತ್ತು ಬರೀ ನೀರನ್ನು ಒರೆಸುವುದಕ್ಕೇ ಹೋಗುತ್ತದೆ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕೆ ಮುಂಚೆಯೇ ಎರಡು ಸಲ ಮೆಲ್ಲಗೆ ಬ್ರೇಕ್ ಮುಟ್ಟಿಸಿ ರಿಮ್ಮನ್ನು ಒಣಗಿಸಿ, ಮತ್ತೆ ಹಿಡಿಯಿರಿ. ವಾರಕ್ಕೊಮ್ಮೆ ಬ್ರೇಕ್ ರಬ್ಬರಿನ ಮುಖ ನೋಡಿ. ಹೊಳೆಯುವ ಚುಕ್ಕೆಗಳು ಕಂಡರೆ ಅವು ರಿಮ್ಮಿನಿಂದ ಕಿತ್ತು ಬಂದ ಲೋಹದ ಚೂರುಗಳು. ಸೂಜಿಯಲ್ಲಿ ತೆಗೆದು ಮರಳು ಕಾಗದದಲ್ಲಿ ಉಜ್ಜಿ. ಕರ್ರೆಂಬ ಸದ್ದು ಕೇಳಿದ ಮೇಲೂ ಹಾಗೇ ಓಡಿಸಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ರಿಮ್ಮಿನಲ್ಲಿ ಗೀರು ಬಿದ್ದಿರುತ್ತದೆ. ನಿಮ್ಮದು ಡಿಸ್ಕ್ ಬ್ರೇಕಾಗಿದ್ದರೆ ಚೈನಿನ ಎಣ್ಣೆ ಡಿಸ್ಕಿಗೆ ತಾಗದಂತೆ ನೋಡಿಕೊಳ್ಳಿ.

ಟಯರು ನಯವಾದದ್ದಿರಲಿ. ಒದ್ದೆ ಟಾರಿನ ಮೇಲೆ ಗುಬ್ಬಿಗಿಂತ ನಯ ರಬ್ಬರೇ ಹೆಚ್ಚು ತಾಗಿ ನಿಲ್ಲುತ್ತದೆ. ಬೇಸಗೆಯಲ್ಲಿ ಹಾಕುವುದಕ್ಕಿಂತ ಐದು ಪೌಂಡ್ ಗಾಳಿ ಕಡಿಮೆ ಮಾಡಿ. ಮಳೆಯಲ್ಲಿ ಪಂಕ್ಚರ್ ಹೆಚ್ಚು, ಒದ್ದೆ ರಬ್ಬರಿಗೆ ಗಾಜಿನ ಚೂರು ಸಲೀಸಾಗಿ ಇಳಿಯುತ್ತದೆ. ದಾರಿಯಲ್ಲಿ ಪ್ಯಾಚ್ ಹಾಕಹೋಗಬೇಡಿ, ನೆಂದ ಟ್ಯೂಬಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಬೇರೊಂದು ಟ್ಯೂಬ್ ಜೊತೆಗಿರಲಿ. ಸೇತುವೆಯ ಕಬ್ಬಿಣದ ಜೋಡಣೆ, ಮ್ಯಾನ್‌ಹೋಲ್ ಮುಚ್ಚಳ, ರಸ್ತೆಗೆ ಬಳಿದ ಬಿಳಿ ಪಟ್ಟಿ, ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕೂ ಹಿಡಿಯಬೇಡಿ.

ಬಟ್ಟೆಯ ವಿಷಯಕ್ಕೆ ನಮ್ಮ ಹಿರಿಯರು ಉತ್ತರ ಕಂಡುಕೊಂಡಿದ್ದರು. ನೇಜಿ ನೆಡುವ ಹೆಂಗಸರು ಬೆನ್ನಿಗೆ ಹೊರುತ್ತಿದ್ದ ಗೊರಬೆ ನೋಡಿದ್ದೀರಲ್ಲ? ಮೇಲೆ ಮುಚ್ಚಿಗೆ, ಕೆಳಗೆ ಬಯಲು, ಮೈಗೂ ಅದಕ್ಕೂ ನಡುವೆ ಗಾಳಿ. ಮೈಗಂಟುವ ರಬ್ಬರ್ ಕೋಟಿನೊಳಗೆ ಆರು ಕಿಲೋಮೀಟರ್ ತುಳಿದರೆ ಮಳೆಗಿಂತ ಹೆಚ್ಚು ಬೆವರಿನಲ್ಲಿ ನೆನೆಯುತ್ತೀರಿ. ಹ್ಯಾಂಡಲಿನ ತನಕ ಹರಡುವ, ಕೆಳಗೆ ತೆರೆದ ಮಳೆಹೊದಿಕೆ ತಂದುಕೊಳ್ಳಿ, ಗಾಳಿ ಜೋರಾದಾಗ ಅದರ ಮುಂದಿನ ತುದಿ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳಬಹುದು. ಇಸ್ತ್ರಿ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಯಾರಿಯರಿನಲ್ಲಿರಲಿ, ಕಾಲಿಗೆ ರಬ್ಬರ್ ಚಪ್ಪಲಿ. ಒಂದು ಕೈಯಲ್ಲಿ ಕೊಡೆ ಹಿಡಿದು ತುಳಿಯುವುದು ಮಾತ್ರ ಬೇಡವೇ ಬೇಡ. ಮಳೆಯಿದ್ದರೆ ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಲಾರಿಯವರ ವೈಪರಿನ ಆಚೆ ನೀವು ಬರೀ ಬೂದು ನೆರಳು.

ಆಯುಧಪೂಜೆಗೆ ಸೈಕಲ್ಲಿಗೆ ಕುಂಕುಮ, ಹೂ ಇಡುವ ಮನೆಗಳು ನಮ್ಮಲ್ಲಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಆ ಹಬ್ಬವೇ ಚಕ್ರದ ನಡುವಿನ ಹಬ್ಬು ಬಿಚ್ಚುವ ದಿನವೂ ಆಗಲಿ. ಬಿಚ್ಚಿದಾಗ ಗ್ರೀಸು ಚಹಾದಂತೆ ಬಿಳಿಚಿಕೊಂಡಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಹಿಂದಿನ ಹಬ್ಬಿಗೆ ಪಕ್ಕಕ್ಕೆ ಒಂಬತ್ತರಂತೆ ಕಾಲಿಂಚಿನ ಹೊಸ ಗೋಲಿ, ಮುಂದಿನದಕ್ಕೆ ಪಕ್ಕಕ್ಕೆ ಹತ್ತರಂತೆ ಚಿಕ್ಕವು, ಹೊಸ ಗ್ರೀಸು. ಹಳೆಯ ಗೋಲಿ ಹೊಳೆಯುತ್ತಿದ್ದರೂ ಮತ್ತೆ ಹಾಕಬೇಡಿ.

ಇದನ್ನೆಲ್ಲ ಮಾಡಿಕೊಡುತ್ತಿದ್ದ ಅಂಗಡಿಗಳು ಪೇಟೆಯಿಂದ ಪೇಟೆಗೆ ಮುಚ್ಚುತ್ತಿವೆ ಎಂಬುದೇ ನಮ್ಮ ದೊಡ್ಡ ಸಂಕಟ. ಗಂಟೆಗಿಷ್ಟೆಂದು ಸೈಕಲ್ ಬಾಡಿಗೆಗೆ ಕೊಟ್ಟು, ಕಡ್ಡಿ ಎಳೆದು ಚಕ್ರದ ಓರೆ ತೆಗೆಯುತ್ತಿದ್ದ ಕೈಗಳಿಗೆ ಶಿಷ್ಯರಿಲ್ಲ. ರಸ್ತೆಗಳೂ ಹಾಗೆಯೇ. ಸೈಕಲ್ ದಾರಿ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಮಾನದಂಡ ಪ್ರಕಟಿಸಿತ್ತು. ಅನಂತರದ ಆರು ದಶಕಗಳಲ್ಲಿ ಕಾಸರಗೋಡಿಗೆ ಆರು ಪಥದ ಹೆದ್ದಾರಿಯ ಕಾಮಗಾರಿ ಬಂತು, ಆಳೆತ್ತರದ ಗೋಡೆಗಳು ಬಂದವು. ದಾರಿಯ ಆಚೆ ಬದಿಯ ಅಂಗಡಿಗೆ ಹೋಗಬೇಕಾದವರು ಎಲ್ಲಿ ದಾಟಬೇಕು, ಸರ್ವಿಸ್ ರಸ್ತೆಯಲ್ಲಿ ಬಸ್ಸಿನ ಎದುರು ಸೈಕಲ್ ಎಲ್ಲಿ ನಿಲ್ಲಬೇಕು ಎಂದು ಯಾರೂ ಕೇಳಲಿಲ್ಲ. ಊರನ್ನು ಹಾದುಹೋಗುವವರಿಗೆ ರಸ್ತೆ, ಊರಲ್ಲಿರುವವರಿಗೆ ಅದರ ಕೆಸರು!

ನಾವು ಬಾಯಿಬಿಡದಿರುವುದೂ ಇದಕ್ಕೆ ಕಾರಣ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ರಾಜ್ಯ ಸರ್ಕಾರದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಹೇಳುತ್ತದೆ. ಈ ಹಕ್ಕನ್ನು ಭಾಷಣದಲ್ಲಿ ನೆನೆಯುವವರು ಬಹಳ, ಅದನ್ನು ಹಿಡಿದು ಒಂದು ಚರಂಡಿಯ ಚಪ್ಪಡಿ ಹಾಕಿಸಿದವರು ಕಡಿಮೆ. ನಿಮ್ಮ ಆರು ಕಿಲೋಮೀಟರಿನಲ್ಲಿ ಚಪ್ಪಡಿ ಕಿತ್ತುಹೋದ ಜಾಗ, ನೀರು ನಿಲ್ಲುವ ಜಾಗ, ಬೀದಿದೀಪ ಕೆಟ್ಟ ಕಂಬದ ನಂಬರು ಬರೆದಿಡಿ. ಲೋಕೋಪಯೋಗಿ ಇಲಾಖೆಯ ಸ್ಥಳೀಯ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ನಕಲು ನಮಗೆ ಕಳಿಸಿ, ಬಂದ ಉತ್ತರದ ಜೊತೆಗೆ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.

ಅದಕ್ಕೆ ಮುಂಚೆ ಸೈಕಲ್ಲನ್ನು ಗೋಡೆಯಿಂದ ಇಳಿಸಿ, ಸೀಟಿನ ಪೈಪನ್ನು ಪೂರ್ತಿ ಹೊರಗೆಳೆಯಿರಿ. ಮಳೆ ನೀರು ಅಲ್ಲಿಂದಲೇ ಫ್ರೇಮಿನೊಳಗೆ ಇಳಿದಿರುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ಒಂದು ಗಂಟೆ ಬಿಟ್ಟರೆ ಅದು ಸೋರಿಹೋಗುತ್ತದೆ. ಒಣಗಿದ ಮೇಲೆ ಪೈಪಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಹಿಂದಿನ ಗುರುತಿಗೇ ಕೂರಿಸಿ ಬಿಗಿಯಿರಿ.

– ಸಂಪಾದಕ