ಹಪ್ಪಳ ಒತ್ತುವ ಕೈಗೆ ಫೋನ್ ಕೊಡಬೇಡಿ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಮನೆಯಲ್ಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಳಕ ಮೆಣಸು, ಒಣ ಪುನರ್ಪುಳಿ (ಕೋಕಂ) ಮಾಡಿ ಮಾರುತ್ತೇನೆ. ನಾಲ್ಕು ವರ್ಷವಾಯಿತು. ಬೇಸಿಗೆಯಲ್ಲಿ ಹಪ್ಪಳ ಒತ್ತಲು ಪಕ್ಕದ ಮನೆಯ ಇಬ್ಬರು ದಿನಗೂಲಿಗೆ ಬರುತ್ತಾರೆ, ದಿನಕ್ಕೆ 400 ಹಪ್ಪಳ ಆಗುತ್ತದೆ. ಆರ್ಡರ್ ಎಲ್ಲ ವಾಟ್ಸ್ಆ್ಯಪ್‌ನಲ್ಲಿ. ಫೋನ್‌ಗೆ, ಪಾರ್ಸೆಲ್‌ಗೆ ದಿನಕ್ಕೆ ಮೂರು ಗಂಟೆ ಹೋಗುತ್ತದೆ. ಉತ್ತರ ತಡವಾಗಿ ದಿನಕ್ಕೆ ನಾಲ್ಕೈದು ಆರ್ಡರ್ ಕೈ ತಪ್ಪುತ್ತಿದೆ. ಸಹಾಯಕ್ಕೆ ಎರಡು ಸಲ ಹುಡುಗಿಯರನ್ನು ಇಟ್ಟು ನೋಡಿದೆ. ಮನೆ ಗುಡಿಸುವುದು, ತೆಂಗಿನಕಾಯಿ ತುರಿಯುವುದು, ಮಗನನ್ನು ಶಾಲೆ ಬಸ್ಸಿನಿಂದ ಕರೆತರುವುದು, ಪಾರ್ಸೆಲ್ ಎಲ್ಲ ಮಾಡುತ್ತಿದ್ದರು. ಒಬ್ಬಳು ಹದಿನೈದು ದಿನಕ್ಕೆ ಬಿಟ್ಟಳು. ಎರಡನೆಯವಳು ಚುರುಕು, ಅಕ್ಷರವೂ ಚಂದ, ಅವಳೂ ಒಂದು ತಿಂಗಳಿಗೆ ಬಿಟ್ಟಳು. ಈಗ ನಾದಿನಿಯ ಮಗಳು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಳೆ, ಅವಳನ್ನೇ ಇಟ್ಟುಕೋ ಅನ್ನುತ್ತಾರೆ. ಇಟ್ಟುಕೊಳ್ಳಲಾ? ಸಂಬಳ ಎಷ್ಟು ಕೊಡಬೇಕು? ಹಪ್ಪಳದ ಹದ ಕಲಿತು ಅವಳೇ ಶುರು ಮಾಡಿದರೆ ಎಂಬ ಹೆದರಿಕೆಯೂ ಇದೆ.

ಉತ್ತರ: ಅಕ್ಕಾ, ನಿಮ್ಮ ಕಾಗದದಲ್ಲಿ ನನಗೆ ಮೊದಲು ಕಂಡದ್ದು ಆ ಇಬ್ಬರು ಹುಡುಗಿಯರು ಮಾಡುತ್ತಿದ್ದ ಕೆಲಸಗಳ ಪಟ್ಟಿ. ಗುಡಿಸುವುದು, ಕಾಯಿ ತುರಿಯುವುದು, ಮಗುವನ್ನು ಕರೆತರುವುದು, ಮಧ್ಯೆ ಹೊತ್ತು ಸಿಕ್ಕಿದರೆ ಪಾರ್ಸೆಲ್. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ವ್ಯಾಪಾರಕ್ಕೆ ಸಹಾಯಕಿಯನ್ನು ಇಟ್ಟುಕೊಂಡದ್ದಲ್ಲ, ಮನೆಗೆಲಸಕ್ಕೆ ಇಟ್ಟುಕೊಂಡು ವ್ಯಾಪಾರ ಬೆಳೆಯಲಿ ಎಂದು ಕಾದಿರಿ. ಬೆಳಿಗ್ಗೆ ಏನು ಕೆಲಸ, ಯಾವುದು ಮುಗಿದರೆ ಇವತ್ತಿನದು ಮುಗಿಯಿತು ಅಂತ ಗೊತ್ತಿಲ್ಲದ ಕಡೆ ಚುರುಕಿನ ಹುಡುಗಿ ನಿಲ್ಲುವುದಿಲ್ಲ. ಬಿಟ್ಟು ಹೋದದ್ದು ಅವರ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಹಾಗಾಗಿ ಯಾರನ್ನು ಇಟ್ಟುಕೊಳ್ಳಲಿ ಅನ್ನುವುದಕ್ಕಿಂತ ಮುಂಚೆ ಯಾವ ಕೆಲಸ ಬಿಟ್ಟುಕೊಡಲಿ ಅಂತ ನೋಡಿ. ಒಂದು ವಾರ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಳಿಗ್ಗೆ ಆರರಿಂದ ರಾತ್ರಿವರೆಗೆ ಯಾವ ಅರ್ಧ ಗಂಟೆ ಯಾವುದಕ್ಕೆ ಹೋಯಿತು ಅಂತ. ನಿಮಗೆ ಮಾತ್ರ ಬರುವ ಕೆಲಸ ಒಂದೇ, ಹದ ನೋಡುವುದು. ಹಲಸಿನ ಸೊಳೆ ಎಷ್ಟು ಬಲಿತಿರಬೇಕು, ಎಷ್ಟು ಬೇಯಬೇಕು, ಹಿಟ್ಟು ಯಾವಾಗ ಮಣೆಗೆ ಸರಿ, ಮಿಡಿಗೆ ಉಪ್ಪು ಎಷ್ಟು ದಿನ. ಅದನ್ನು ಯಾರಿಗೂ ಕೊಡಬೇಡಿ. ಆರ್ಡರ್ ಬರೆದುಕೊಳ್ಳುವುದು, ವಿಳಾಸ, ಪ್ಯಾಕಿಂಗ್, ಅಂಚೆ ಕಚೇರಿ, ಪಾರ್ಸೆಲ್ ತಲುಪಿತಾ ಅಂತ ಕೇಳುವುದು, ಇದು ಒಬ್ಬರೇ ಮೊದಲಿಂದ ಕೊನೆವರೆಗೆ ಮಾಡಬಹುದಾದ ಪೂರ್ತಿ ಕೆಲಸ. ಇದನ್ನು ತುಂಡು ಮಾಡದೆ ಇಡಿಯಾಗಿ ಕೊಡಿ.

ನಿಮ್ಮ ವ್ಯಾಪಾರದಲ್ಲಿ ಇನ್ನೊಂದು ವಿಷಯ ಇದೆ. ಮಾಡುವ ಕಾಲ ಬೇರೆ, ಮಾರುವ ಕಾಲ ಬೇರೆ. ಹಪ್ಪಳ ಒಣಗುವುದು ಬೇಸಿಗೆಯ ಬಿಸಿಲಿಗೆ, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಚಾಪೆ ಮಡಿಸಿದ ಹಾಗೆಯೇ. ಆದರೆ ಜನರಿಗೆ ಹಪ್ಪಳ ನೆನಪಾಗುವುದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಂಜಿ ಊಟದ ಹೊತ್ತಿಗೆ. ಏಪ್ರಿಲ್, ಮೇಯಲ್ಲಿ ಮಾತ್ರ ಎರಡೂ ಒಟ್ಟಿಗೆ ಮೈಮೇಲೆ ಬರುತ್ತದೆ, ರಜೆಗೆ ಮುಂಬೈಯಿಂದ ಬಂದವರು ಹೋಗುವಾಗ ಕಟ್ಟಿಸಿಕೊಳ್ಳುತ್ತಾರೆ, ಒಲೆಯ ಮೇಲೆ ಸೊಳೆ ಬೇಯುವಾಗ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ. ಆದ್ದರಿಂದ ಹಪ್ಪಳ ಒತ್ತಲು ಬರುವ ಇಬ್ಬರನ್ನು ಬೇಸಿಗೆಯ ದಿನಗೂಲಿಗೇ ಬಿಡಿ. ವರ್ಷಪೂರ್ತಿ ಬೇಕಾಗುವುದು ಅರ್ಧ ದಿನದ ಒಬ್ಬರು, ಫೋನ್ ಮತ್ತು ಪಾರ್ಸೆಲ್‌ಗೆ. ಎರಡನ್ನೂ ಒಬ್ಬರ ತಲೆಗೆ ಕಟ್ಟಬೇಡಿ.

ಈಗ ದುಡ್ಡಿನ ಲೆಕ್ಕ. ಅರ್ಧ ದಿನಕ್ಕೆ ತಿಂಗಳಿಗೆ 8,000 ಕೊಡುತ್ತೀರಿ ಅಂತ ಇಟ್ಟುಕೊಳ್ಳೋಣ, ವರ್ಷಕ್ಕೆ 96,000. ನಿಮ್ಮ ಮೂರು ಗಂಟೆ ಬಿಡುವಾದರೆ 400 ಹಪ್ಪಳ 600 ಆಗಬಹುದು. ಒಂದರಲ್ಲಿ ಮೂರು ರೂಪಾಯಿ ಉಳಿದರೆ ದಿನಕ್ಕೆ 600 ರೂಪಾಯಿ, 40 ದಿನ ಒಳ್ಳೆಯ ಬಿಸಿಲು ಸಿಕ್ಕಿದರೆ 24,000. ಕೈ ತಪ್ಪುವ ನಾಲ್ಕೈದು ಆರ್ಡರ್‌ಗಳಲ್ಲಿ ಎರಡು ಉಳಿಯಿತು ಅನ್ನಿ, ಒಂದರಲ್ಲಿ 200 ರೂಪಾಯಿ ಲಾಭ ಅಂದರೆ ತಿಂಗಳ 25 ದಿನಕ್ಕೆ 10,000. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳಿಗೆ 60,000. ಒಟ್ಟು 84,000 ಆಯಿತು, 12,000 ಕಡಿಮೆ ಬಿತ್ತು. ಅದು ಉಳಿದ ಆರು ತಿಂಗಳಲ್ಲಿ ಬರಬೇಕು, ಅಂದರೆ ತಿಂಗಳಿಗೆ ಹತ್ತು ಆರ್ಡರ್ ಹೆಚ್ಚು. ಹಳೆಯ ಗಿರಾಕಿಗಳಿಗೆ ಒಂದೊಂದು ಮೆಸೇಜು ಹಾಕಿದರೆ ಸಿಗುವ ಆರ್ಡರ್ ಅದು, ಆ ಮೆಸೇಜು ಹಾಕುವುದೂ ಅವಳ ಕೆಲಸವೇ. ನಾನು ಹಾಕಿದ ಅಂಕಿಯ ಜಾಗದಲ್ಲಿ ನಿಮ್ಮ ಅಂಕಿ ಹಾಕಿ ನೋಡಿ. ಲೆಕ್ಕ ಕೂಡದಿದ್ದರೆ ಈ ವರ್ಷ ಬೇಸಿಗೆಗೆ ಮಾತ್ರ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕೂಡಿದರೂ ಮೂರು ತಿಂಗಳ ಸಂಬಳ, ಅಂದರೆ 24,000 ಬೇರೆ ತೆಗೆದಿಟ್ಟ ಮೇಲೆಯೇ ಜನ ಕರೆಯಿರಿ. ವ್ಯಾಪಾರ ಇಲ್ಲ ಅಂತ ಸಂಬಳ ಮುಂದೂಡಿದರೆ ಅವಳ ಮನೆಯಲ್ಲಿ ಒಲೆ ಉರಿಯಬೇಕಲ್ವಾ?

ಸಂಬಳ ಎಷ್ಟು ಅಂತ ಕೇಳಿದ್ದೀರಿ. ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಅಂತ ನೋಡಬೇಡಿ. ಕಾರ್ಮಿಕ ಇಲಾಖೆ ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಸೇರಿಸಿ ಕನಿಷ್ಠ ವೇತನದ ಪಟ್ಟಿ ಹೊರಡಿಸುತ್ತದೆ. ಅದರಲ್ಲಿ ನಿಮ್ಮ ಕೆಲಸಕ್ಕೆ, ನಿಮ್ಮ ಊರಿನ ವಲಯಕ್ಕೆ ಎಷ್ಟಿದೆ ನೋಡಿ, ಗಂಟೆ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಆಗದ ಹಾಗೆ ಕೊಡಿ. ಪಿಎಫ್ ಕಡ್ಡಾಯವಾಗುವುದು 20 ಜನ ಇದ್ದಾಗ, ಇಎಸ್‌ಐ (ಕಾರ್ಮಿಕರ ವಿಮೆ) 10 ಜನ ಇದ್ದಾಗ, ಸದ್ಯ ಅದರ ತಲೆಬಿಸಿ ನಿಮಗಿಲ್ಲ. ಆದರೆ ಒಂದು ಕಾಗದ ಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರದ ನಿಯಮ ಇದೆ. ನಿಮ್ಮಂಥ ಸಣ್ಣ ವ್ಯಾಪಾರಕ್ಕೆ ಅದು ಕಡ್ಡಾಯ ಅಲ್ಲದಿದ್ದರೂ ನಾನು ಹೇಳುವುದು ಇದನ್ನೇ. ಕೆಲಸ ಯಾವುದು, ಎಷ್ಟರಿಂದ ಎಷ್ಟರವರೆಗೆ, ವಾರದ ರಜೆ ಯಾವತ್ತು, ಸಂಬಳ ಯಾವ ತಾರೀಕಿಗೆ, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು. ಅರ್ಧ ಪುಟ ಸಾಕು, ಕನ್ನಡದಲ್ಲೇ ಬರೆಯಿರಿ, ಇಬ್ಬರೂ ಸಹಿ ಹಾಕಿ.

ಪ್ಯಾಕ್ ಮಾಡುವವಳು ಆಹಾರ ಮುಟ್ಟುತ್ತಾಳೆ ಅನ್ನುವುದನ್ನೂ ಮರೆಯಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನಿಯಮದ ಪ್ರಕಾರ ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಅದರ ಖರ್ಚು ನೀವೇ ಹಾಕಿ. ಜ್ವರವೋ ಭೇದಿಯೋ ಆದ ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ. ಹಿಡಿದರೆ ಅವಳು ಹೇಳದೆ ಬರುತ್ತಾಳೆ, ತೊಂದರೆ ನಿಮ್ಮ ಉಪ್ಪಿನಕಾಯಿಗೆ.

ಹದ ಕಲಿತು ಹೋದರೆ ಅಂತ ಹೆದರಿದ್ದೀರಿ. ಹಲಸಿನ ಹಪ್ಪಳ ಮಾಡಲು ಬರುವವರು ನಮ್ಮ ಕಡೆ ಮನೆಗೊಬ್ಬರು ಇದ್ದಾರೆ. ಹಾಗಿದ್ದೂ ಮುಂಬೈಯವರು ನಿಮ್ಮ ಹತ್ತಿರ ಕೇಳುತ್ತಾರೆ, ಯಾಕೆ ಅಂದರೆ ನಾಲ್ಕು ವರ್ಷದಿಂದ ನೀವು ಮೋಸ ಮಾಡಿಲ್ಲ. ಅದನ್ನು ಯಾರೂ ಕದ್ದು ಒಯ್ಯಲು ಆಗುವುದಿಲ್ಲ. ಕಾಯಬೇಕಾದದ್ದು ಬೇರೆ ಇದೆ, ಗಿರಾಕಿಗಳ ನಂಬರ್ ಮತ್ತು ದುಡ್ಡಿನ ದಾರಿ. ವ್ಯಾಪಾರಕ್ಕೆ ಬೇರೆ ಸಿಮ್ ತೆಗೆದುಕೊಳ್ಳಿ, ನಿಮ್ಮ ಹೆಸರಲ್ಲೇ. ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿ. ಒಂದೇ ಖಾತೆಗೆ ಇನ್ನೂ ನಾಲ್ಕು ಸಾಧನ ಜೋಡಿಸಬಹುದು, ಹಾಗಾಗಿ ಮೂಲ ಫೋನ್ ನಿಮ್ಮ ಹತ್ತಿರ ಇರಲಿ, ಅವಳ ಕೆಲಸಕ್ಕೆ ಇನ್ನೊಂದು ಫೋನ್ ಜೋಡಿಸಿ ಮನೆಯಲ್ಲೇ ಇಡಿ. ಅವಳು ಕೆಲಸ ಬಿಟ್ಟ ದಿನ ಆ ಜೋಡಣೆ ತೆಗೆದರೆ ಮುಗಿಯಿತು. ಹೊಸ ಆರ್ಡರ್, ಹಣ ಬಂತು, ಕಳಿಸಿದ್ದು ಅಂತ ಲೇಬಲ್ ಹಾಕಲು ಬರುತ್ತದೆ, ಬೆಲೆಯ ಉತ್ತರ ಮೊದಲೇ ಬರೆದಿಟ್ಟರೆ ಒಂದೇ ಒತ್ತಿಗೆ ಹೋಗುತ್ತದೆ. ಯುಪಿಐ ಪಿನ್ ಮಾತ್ರ ಯಾರಿಗೂ ಬೇಡ, ನಾದಿನಿಯ ಮಗಳಿಗೂ ಬೇಡ. ದುಡ್ಡು ಬರಲು ಪಿನ್ ಬೇಕಾಗುವುದೇ ಇಲ್ಲ. ಮತ್ತೆ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬಾರದು. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ನೀವು ಖಾತೆ ನೋಡಿ ಹೂಂ ಅಂದ ಮೇಲೆಯೇ ಕಟ್ಟಬೇಕು.

ಇನ್ನು ನಾದಿನಿಯ ಮಗಳು. ಸಂಬಂಧಿಕರು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಪಿನ್‌ಕೋಡ್ ತಪ್ಪು ಬರೆದು ಮೂರು ಪಾರ್ಸೆಲ್ ವಾಪಸು ಬಂದ ದಿನ ಅವಳಿಗೆ ನೀವು ಹೇಳಬಲ್ಲಿರಾ? ಹೇಳಿದ್ದು ರಾತ್ರಿ ನಾದಿನಿಯ ಮನೆಯಲ್ಲಿ ಬೇರೆ ರೂಪದಲ್ಲಿ ಕೇಳಿಸುವುದಿಲ್ವಾ? ಅವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರೆ ಆರು ತಿಂಗಳಿಗೆ ಅಂತ ಇಬ್ಬರೂ ಮಾತಾಡಿಯೇ ಶುರು ಮಾಡಿ, ಆಮೇಲೆ ಕೊರಗು ಇರುವುದಿಲ್ಲ. ಹೊರಗಿನವರು ಬೇಕಾದರೆ ನಿಮ್ಮ ಪಂಚಾಯತಿನ ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದಲ್ಲಿ, ಸ್ತ್ರೀಶಕ್ತಿ ಗುಂಪಿನಲ್ಲಿ ಕೇಳಿ. ಮಕ್ಕಳನ್ನು ಶಾಲೆಗೆ ಕಳಿಸಿ ಹತ್ತರಿಂದ ಎರಡರವರೆಗೆ ಬಿಡುವಾಗಿರುವ, ಲೆಕ್ಕ ಬರೆದು ಅಭ್ಯಾಸ ಇರುವ ಹೆಂಗಸರು ಅಲ್ಲಿ ಸಿಗುತ್ತಾರೆ. ನನ್ನ ಅನುಭವದಲ್ಲಿ ಡಿಗ್ರಿಗಿಂತ ಇವರು ಗಟ್ಟಿ.

ಯಾರೇ ಆಗಲಿ, ಮಾತಾಡಿಸಿ ಆರಿಸಬೇಡಿ, ಕೆಲಸ ಕೊಟ್ಟು ನೋಡಿ. ಹಿಂದಿನ ವಾರದ ಹತ್ತು ಆರ್ಡರ್ ಮೆಸೇಜು ಕಾಗದದಲ್ಲಿ ಬರೆದುಕೊಡಿ, ಒಂದೆರಡರಲ್ಲಿ ಪಿನ್‌ಕೋಡ್ ಇಲ್ಲದ ಹಾಗೆ ಬರೆಯಿರಿ. ಅದನ್ನು ಗಮನಿಸಿ ನಿಮ್ಮನ್ನು ಕೇಳುತ್ತಾಳಾ ನೋಡಿ. ಒಂದು ಕಟ್ಟು ಹಪ್ಪಳ ಪ್ಯಾಕ್ ಮಾಡಿಸಿ, ಸೊಂಟದ ಎತ್ತರದಿಂದ ಕೆಳಗೆ ಹಾಕಿ, ಬಿಚ್ಚಿ ಎಷ್ಟು ಒಡೆದಿದೆ ಎಣಿಸಿ. ಆಮೇಲೆ ಹದಿನೈದು ದಿನ ಸಂಬಳ ಕೊಟ್ಟೇ ಪರೀಕ್ಷೆಗೆ ಇಟ್ಟುಕೊಳ್ಳಿ. ಸುಮ್ನೆ ಬಂದು ಕಲಿತುಕೋ ಅನ್ನಬೇಡಿ.

ಆ ಹದಿನೈದು ದಿನ ಕಷ್ಟ ಇರುತ್ತದೆ, ನಿಮಗೇ ಜಾಸ್ತಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ನಾನು ಮೊದಲ ಸಹಾಯಕಿಯನ್ನು ಇಟ್ಟುಕೊಂಡಾಗ ಅವಳು ಬರೆದ ಒಂದೊಂದು ಬಿಲ್ಲನ್ನೂ ಪುನಃ ನಾನೇ ಬರೆಯುತ್ತಿದ್ದೆ. ಎರಡು ತಿಂಗಳು ಅವಳಿಗೂ ನೆಮ್ಮದಿ ಇಲ್ಲ, ನನಗೂ ಇಲ್ಲ. ಆಮೇಲೆ ದಿನಕ್ಕೆ ಒಂದೇ ಸಲ, ಸಂಜೆ ನಾಲ್ಕಕ್ಕೆ, ಇಬ್ಬರೂ ಕೂತು ನೋಡುವುದು ಅಂತ ಮಾಡಿಕೊಂಡೆವು. ನೀವೂ ಹಾಗೆ ಒಂದು ಹೊತ್ತು ಇಟ್ಟುಕೊಳ್ಳಿ. ಉಳಿದ ಹೊತ್ತು ಫೋನ್ ಹೊಡೆದುಕೊಂಡರೂ ಮಣೆಯ ಮುಂದಿನಿಂದ ಏಳಬೇಡಿ. ಮೊದಲ ತಿಂಗಳು ಒಂದೆರಡು ಆರ್ಡರ್ ತಪ್ಪು ಹೋಗಿಯೇ ಹೋಗುತ್ತದೆ, ಗಿರಾಕಿಗೆ ಕ್ಷಮೆ ಕೇಳಿ ಇನ್ನೊಂದು ಕಟ್ಟು ಕಳಿಸಿಬಿಡಿ.

ನಾದಿನಿಗೆ ಉತ್ತರ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಎರಡನೆಯ ಹುಡುಗಿ, ಅಕ್ಷರ ಚಂದ ಅಂದಿರಲ್ಲ, ಅವಳಿಗೆ ಒಂದು ಫೋನ್ ಮಾಡಿ. ಈ ಸಲ ಗುಡಿಸುವುದು, ಕಾಯಿ ತುರಿಯುವುದು ಇಲ್ಲ, ಹತ್ತರಿಂದ ಎರಡರವರೆಗೆ ಆರ್ಡರ್ ಮತ್ತು ಪಾರ್ಸೆಲ್ ಮಾತ್ರ ಅಂತ ಹೇಳಿ, ಬರುತ್ತೀಯಾ ಅಂತ ಕೇಳಿ ನೋಡಿ.