ಸ್ಟಾರ್ ಗುರುತು ಇಲ್ಲ ಅಂದರೆ ಪಿಟಿಎಚ್ ಸರಿ ಇದೆ ಅಂತಲ್ಲ

ಪ್ರಶ್ನೆ: ಅಮ್ಮನಿಗೆ 58 ವರ್ಷ. ಎರಡು ಸಲ ಕಿಡ್ನಿ ಸ್ಟೋನ್ ಆಗಿದೆ. ಮೈಕೈ ನೋವು, ಸುಸ್ತು. ರಕ್ತದಲ್ಲಿ ಕ್ಯಾಲ್ಸಿಯಂ 11.4 ಬಂತು. ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಪಿಟಿಎಚ್ 62. ರಿಪೋರ್ಟಿನಲ್ಲಿ 15ರಿಂದ 65 ನಾರ್ಮಲ್ ಅಂತಿದೆ, ಸ್ಟಾರ್ ಹಾಕಿಲ್ಲ. ಹಾಗಾದರೆ ಪ್ಯಾರಾಥೈರಾಯ್ಡ್ ಗ್ರಂಥಿ ಸರಿ ಇದೆ ಅಲ್ವಾ ಡಾಕ್ಟ್ರೇ? ಪರಿಚಯದವರೊಬ್ಬರು ಬಾಳೆದಿಂಡಿನ ರಸದ ಜೊತೆ ಒಂದು ಪುಡಿ ಕೊಟ್ಟು, ಮೂರು ತಿಂಗಳಲ್ಲಿ ಗುಣ ಅಂದಿದ್ದಾರೆ.

ಉತ್ತರ: ಸರಿ ಇಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ಪ್ಯಾರಾಥೈರಾಯ್ಡ್‌ಗೆ (ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳಿವು) ಇರುವ ಕೆಲಸವೇ ರಕ್ತದ ಕ್ಯಾಲ್ಸಿಯಂ ಕಾಯುವುದು. ಅದು ಇಳಿದರೆ ಪಿಟಿಎಚ್ ಏರಬೇಕು, ಏರಿದರೆ ಪಿಟಿಎಚ್ ಇಳಿಯಬೇಕು. ಕ್ಯಾಲ್ಸಿಯಂ 11.4ಕ್ಕೆ ಏರಿರುವಾಗ ಸರಿಯಾದ ಗ್ರಂಥಿಯ ಪಿಟಿಎಚ್ 15ಕ್ಕಿಂತ ಕೆಳಗೆ, ಹೆಚ್ಚೆಂದರೆ ಅದರ ಆಸುಪಾಸಿನಲ್ಲಿ ಇರುತ್ತದೆ. ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಮೋಟಾರ್ ಓಡುತ್ತಲೇ ಇದ್ದರೆ, ಮೋಟಾರ್ ಮಾಮೂಲಿ ಸ್ಪೀಡಲ್ಲೇ ಇದೆ ಅಂತ ಸುಮ್ಮನಿರುತ್ತೀರಾ? ನಿಮ್ಮ ಅಮ್ಮನ 62 ಅಂಥದ್ದು. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆ (ಹೈಪರ್‌ಪ್ಯಾರಾಥೈರಾಯ್ಡಿಸಂ) ಇರಬಹುದು. ಲ್ಯಾಬಿನ ಕಂಪ್ಯೂಟರ್ ಒಂದೊಂದು ಅಂಕಿಯನ್ನೂ ಬೇರೆ ಬೇರೆಯಾಗಿ ನೋಡಿ ಸ್ಟಾರ್ ಹಾಕುತ್ತದೆ. ಎರಡನ್ನೂ ಸೇರಿಸಿ ಓದುವುದು ಡಾಕ್ಟರ ಕೆಲಸ. ಅದಕ್ಕೇ ಕ್ಯಾಲ್ಸಿಯಂ, ಪಿಟಿಎಚ್ ಎರಡಕ್ಕೂ ಒಂದೇ ಸಲ ರಕ್ತ ಕೊಡಿ. ಹೋದ ತಿಂಗಳ ಕ್ಯಾಲ್ಸಿಯಂ, ಈ ತಿಂಗಳ ಪಿಟಿಎಚ್ ತಂದರೆ ನನಗೆ ಉಪಯೋಗವಿಲ್ಲ.

ಜೊತೆಗೆ ಆಲ್ಬುಮಿನ್ (ಕ್ಯಾಲ್ಸಿಯಂ ಅಂಟಿಕೊಂಡಿರುವ ರಕ್ತದ ಪ್ರೋಟೀನ್) ಬೇಕೇ ಬೇಕು. ಅದು 4ರಿಂದ 3ಕ್ಕೆ ಇಳಿದಿದ್ದರೆ ಕ್ಯಾಲ್ಸಿಯಂಗೆ 0.8 ಸೇರಿಸಿ ಓದಬೇಕು. ರಿಪೋರ್ಟಿನ 10.2 ಆಗ 11 ಆಗುತ್ತದೆ. ಫಾಸ್ಫರಸ್ ಸಾಮಾನ್ಯವಾಗಿ ಕಮ್ಮಿ ಇರುತ್ತದೆ, ಪಿಟಿಎಚ್ ಅದನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ. ಲಿವರ್, ಮೂಳೆ ಎರಡರಿಂದಲೂ ಬರುವ ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಇದ್ದು ಲಿವರ್ ಚೆನ್ನಾಗಿದ್ದರೆ, ಮೂಳೆ ಸವೆಯುತ್ತಿದೆ ಅಂತ ಅನುಮಾನಿಸಿ. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್, ಜೊತೆಗೆ ವಿಟಮಿನ್ ಡಿ ಕೂಡ ನೋಡಬೇಕು. ಡಿ ಕಮ್ಮಿ ಇದ್ದಾಗ ಕ್ಯಾಲ್ಸಿಯಂ ಅಷ್ಟಾಗಿ ಏರದೆ ಕಾಯಿಲೆ ಮರೆಯಾಗಿರಬಹುದು.

ಊದಿದ ಗ್ರಂಥಿ ತೆಗೆಯುವ ಆಪರೇಷನ್ ಮಾತಿಗೆ ಮುಂಚೆ ಎರಡು ವಿಷಯ. ಬಿಪಿಗೆ ಥಯಾಜೈಡ್ ಗುಂಪಿನ ಮಾತ್ರೆ, ಮನಸ್ಸಿನ ಕಾಯಿಲೆಗೆ ಲಿಥಿಯಂ ಇದ್ದರೆ ಹೇಳಿ. ಎರಡೂ ಕ್ಯಾಲ್ಸಿಯಂ ಏರಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಇನ್ನೊಂದು, 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ ಅಳೆಸಿ. ತೀರಾ ಕಮ್ಮಿ ಇದ್ದರೆ ಇದು ಮನೆತನದಲ್ಲಿ ಬರುವ, ಆಪರೇಷನ್ ಬೇಡದ ಬೇರೆ ಸ್ಥಿತಿ ಇರಬಹುದು. ಈ ಪರೀಕ್ಷೆ ಬಿಟ್ಟು ಕುತ್ತಿಗೆಗೆ ಚಾಕು ಹಾಕಿಸಿಕೊಳ್ಳಲು ನಾನಂತೂ ಯಾರಿಗೂ ಹೇಳುವುದಿಲ್ಲ.

ಕೆಲವರು ಮೊದಲೇ ಸ್ಕ್ಯಾನ್ ಮಾಡಿಸಿ, ಏನೂ ಕಾಣಲಿಲ್ಲ, ಕಾಯಿಲೆ ಇಲ್ಲ ಅಂತ ಬರೆಯುತ್ತಾರೆ. ಕಾಯಿಲೆ ಇದೆಯೋ ಇಲ್ಲವೋ ಹೇಳುವುದು ರಕ್ತ. ಯಾವ ಗ್ರಂಥಿ ಊದಿದೆ ಅಂತ ಹುಡುಕಲು ಮಾತ್ರ ಸ್ಕ್ಯಾನ್.

ಇನ್ನು ಆ ಪುಡಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಅದರಲ್ಲಿ ಏನಿದೆ ಅಂತ ಕೊಟ್ಟವರೂ ಹೇಳುವುದಿಲ್ಲ. ಬಾಳೆದಿಂಡನ್ನು ಪಲ್ಯ ಮಾಡಿ ತಿನ್ನಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವ ರಸವೂ ಈ ಗ್ರಂಥಿಯ ಗಡ್ಡೆ ಕರಗಿಸುವುದಿಲ್ಲ. ಆ ಮೂರು ತಿಂಗಳೂ ಮೂಳೆ ಸವೆಯುತ್ತದೆ, ಇನ್ನೊಂದು ಕಲ್ಲು ಬೆಳೆಯಬಹುದು. ಕಲ್ಲು ಆಗಿರುವುದರಿಂದ ನಿಮ್ಮ ಅಮ್ಮನಿಗೆ ಆಪರೇಷನ್ನೇ ಬೇಕಾಗಬಹುದು. ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರನ್ನು ಬೇಗ ನೋಡಿ. ಅಷ್ಟರಲ್ಲಿ ಚೆನ್ನಾಗಿ ನೀರು ಕುಡಿಯಲಿ. ವಾಂತಿ, ವಿಪರೀತ ಬಾಯಾರಿಕೆ, ಮಂಕು ಕಂಡರೆ, ಅಥವಾ ಕ್ಯಾಲ್ಸಿಯಂ 14 ದಾಟಿದರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ಕ್ಯಾಲ್ಸಿಯಂ ಜಾಸ್ತಿ ಇದೆ. ಹಾಲು, ರಾಗಿಮುದ್ದೆ ಬಿಡಬೇಕಾ?

ಉತ್ತರ: ಬೇಡ. ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿಯಾದರೆ ಪಿಟಿಎಚ್ ಇನ್ನೂ ಏರುತ್ತದೆ.

ಪ್ರಶ್ನೆ: ಪಿಟಿಎಚ್ 110, ಕ್ಯಾಲ್ಸಿಯಂ 9. ಆಪರೇಷನ್ ಯಾವಾಗ?

ಉತ್ತರ: ಅಷ್ಟು ಅವಸರ ಯಾಕೆ? ನಿಮ್ಮ ಕ್ಯಾಲ್ಸಿಯಂ ಏರಿಲ್ಲ. ಮೊದಲು ವಿಟಮಿನ್ ಡಿ, ಕಿಡ್ನಿ ನೋಡಿಸಿ. ಹೆಚ್ಚಿನವರಲ್ಲಿ ಕಾರಣ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಹಿಮೋಗ್ಲೋಬಿನ್ 9. ಪ್ಯಾರಾಥೈರಾಯ್ಡ್ ಕಾರಣವಾ?

ಉತ್ತರ: ಕಾಯಿಲೆ ತುಂಬಾ ಮುಂದುವರಿದಿದ್ದರೆ ಮೂಳೆಯ ಮಜ್ಜೆ ಗಟ್ಟಿಯಾಗಿ ರಕ್ತ ಕಮ್ಮಿಯಾಗಬಹುದು. ಅದಕ್ಕೂ ಮೊದಲು ಕಬ್ಬಿಣ, ಬಿ12, ಕಿಡ್ನಿ.

ಪ್ರಶ್ನೆ: ಸುಸ್ತಿಗೆ ಅಂತ ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ, ಎರಡು ವರ್ಷದಿಂದ ತಗೊಳ್ತಿದ್ದೇನೆ. ಈಗ ಕ್ಯಾಲ್ಸಿಯಂ 12, ಪಿಟಿಎಚ್ 6.

ಉತ್ತರ: ನಿಮ್ಮ ಗ್ರಂಥಿ ಸರಿಯಾಗಿಯೇ ಸುಮ್ಮನಾಗಿದೆ. ಡಿ ವಿಪರೀತ ಆಗಿರಬಹುದು. ಪಿಟಿಎಚ್ ಇಷ್ಟು ಇಳಿದಾಗ ಕ್ಯಾನ್ಸರ್‌ನಂಥ ಬೇರೆ ಕಾರಣಗಳನ್ನೂ ನೋಡಲೇಬೇಕು. ಆ ಮಾತ್ರೆ ಇವತ್ತೇ ನಿಲ್ಲಿಸಿ, ರಿಪೋರ್ಟ್ ಹಿಡಿದು ಇದೇ ವಾರ ಡಾಕ್ಟರ ಹತ್ತಿರ ಹೋಗಿ.