ಹಸಿವಿಲ್ಲದ ಮೀನಿಗೆ ಗಾಳ: ಕೋಹೋ ಸಾಲ್ಮನ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಹೇಮಾವತಿಯ ದಂಡೆಯಲ್ಲಿ ಬೆಳೆದ ನನಗೆ ಗಾಳ ಹಾಕುವುದು ಹೊಸದಲ್ಲ. ಮಗಳು, ಅಳಿಯ ಅಮೆರಿಕದ ಸಿಯಾಟಲ್ ಬಳಿ ಇದ್ದಾರೆ. ಕಳೆದ ಅಕ್ಟೋಬರ್‌ನಲ್ಲಿ ಅಳಿಯನೊಂದಿಗೆ ಅಲ್ಲಿನ ಹೊಳೆಗೆ ಹೋಗಿ ದಿನವಿಡೀ ಫ್ಲೈ ರಾಡ್ ಹಿಡಿದು ನಿಂತೆ. ಕೋಹೋ ಸಾಲ್ಮನ್‌ಗಳು ಕಣ್ಣೆದುರೇ ನೆಗೆಯುತ್ತಿದ್ದವು. ಒಂದಾದರೂ ಗಾಳ ಮುಟ್ಟಲಿಲ್ಲ. ಈ ವರ್ಷವೂ ಹೋಗುವವನಿದ್ದೇನೆ. ಏನು ಮಾಡಬೇಕು?
– ಕಾಫಿ ಬೆಳೆಗಾರರೊಬ್ಬರು, ಸಕಲೇಶಪುರ

ಉತ್ತರ: ತಾವು ಹೇಮಾವತಿಯಲ್ಲಿ ಕಲಿತದ್ದು ಹಸಿದ ಮೀನನ್ನು ಹಿಡಿಯುವ ವಿದ್ಯೆ. ಶರತ್ಕಾಲದಲ್ಲಿ ಹೊಳೆ ಹತ್ತುವ ಕೋಹೋಗೆ ಹಸಿವೇ ಇರುವುದಿಲ್ಲ. ಈ ಮೀನು ಸಣ್ಣ ಹಳ್ಳದಲ್ಲಿ ಹುಟ್ಟಿ, ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಹಿನೀರಿನಲ್ಲೇ ಬೆಳೆದು, ಬಳಿಕ ಕಡಲಿಗಿಳಿದು ಸುಮಾರು ಒಂದೂವರೆ ವರ್ಷ ಅಲ್ಲಿ ಮೇಯ್ದು, ಮೂರು ವರ್ಷದ ಪ್ರಾಯದಲ್ಲಿ ಹುಟ್ಟಿದ ನೀರಿಗೇ ಮೊಟ್ಟೆಯಿಡಲು ಮರಳುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಅಳಿವೆ ದಾಟಿ ಹೊಳೆಗೆ ಬಂದ ಮೇಲೆ ಅದು ಮೇಯುವುದನ್ನು ಬಿಡುತ್ತದೆ, ಜಠರ ಕುಗ್ಗುತ್ತದೆ, ಕಡಲಿನಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದಲೇ ಉಳಿದ ದಾರಿ ಸಾಗಬೇಕು. ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರುವ ನಮ್ಮ ಹತ್ತುಮೀನನ್ನು ನೆನಪಿಸಿಕೊಳ್ಳಿ. ಅದನ್ನು ಕೂಣಿ ಇಟ್ಟು ಹಿಡಿಯುತ್ತಾರೆಯೇ ಹೊರತು, ಎರೆಹುಳು ಚುಚ್ಚಿ ಕಾಯುತ್ತಾ ಕೂರುವುದಿಲ್ಲ. ಕೋಹೋ ಹಿಡಿಯಲು ನಿಂತವರು ಮಾಡುತ್ತಿರುವುದು ಹೆಚ್ಚುಕಡಿಮೆ ಹಾಗೆ ಎರೆ ಹಾಕಿ ಕಾಯುವ ಕೆಲಸವನ್ನೇ. ಆದ್ದರಿಂದ ಬರಿಗೈಯಲ್ಲಿ ಮರಳಿದ್ದಕ್ಕೆ ತಾವು ನಾಚಬೇಕಾದ ಕಾರಣವಿಲ್ಲ.

ಹಾಗಿದ್ದರೂ ಕೋಹೋ ಆಗಾಗ ಫ್ಲೈ, ಅಂದರೆ ಗಾಳಕ್ಕೆ ಗರಿ, ಕೂದಲು ಕಟ್ಟಿ ಮಾಡಿದ ಹುಸಿ ಎರೆಯನ್ನು ಕಚ್ಚುತ್ತದೆ. ತನ್ನ ಜಾಗಕ್ಕೆ ನುಗ್ಗಿದ್ದನ್ನು ಓಡಿಸುವ ಸಿಟ್ಟು, ಕುತೂಹಲ, ಕಡಲಿನಲ್ಲಿ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ತಿಂದ ಹಳೆಯ ಅಭ್ಯಾಸ, ಇವೇ ಅದಕ್ಕೆ ಕಾರಣವೆಂದು ಅನುಭವಿಗಳು ಹೇಳುತ್ತಾರೆ. ಈ ಅಭ್ಯಾಸ ಹೊಳೆಗೆ ಹೊಸದಾಗಿ ಬಂದ, ಇನ್ನೂ ಬೆಳ್ಳಿಯಂತೆ ಹೊಳೆಯುವ ಮೀನಿನಲ್ಲಿ ಗಟ್ಟಿಯಾಗಿ ಉಳಿದಿರುತ್ತದೆ. ದಿನ ಕಳೆದಂತೆ ಮೈ ಕಪ್ಪಾಗಿ, ಪಕ್ಕೆಗಳು ಕೆಂಪಾಗಿ, ಗಂಡಿನ ಮೂತಿ ಕೊಕ್ಕೆಯಾಗಿ ಬಾಗಿ, ಅದರ ಗಮನವೆಲ್ಲ ಸಂತಾನದ ಕಡೆಗೆ ತಿರುಗುತ್ತದೆ. ಆದ್ದರಿಂದ ಮಳೆ ಬಂದು ನೀರು ಏರಿ, ಕೆಂಪು ತಿಳಿಯಾಗತೊಡಗಿದ ದಿನಗಳನ್ನು ಹುಡುಕಿಕೊಂಡು ಹೋಗಿ. ಆ ನೀರಿನೊಂದಿಗೆ ಹೊಸ ಮೀನು ಮೇಲೆ ಬಂದಿರುತ್ತದೆ. ವಾರಗಟ್ಟಲೆ ಮಳೆಯಿಲ್ಲದೆ ಹೊಳೆ ಬತ್ತಿ ಗಾಜಿನಷ್ಟು ತಿಳಿಯಾಗಿರುವಾಗ, ಒಂದೇ ಮಡುವಿನಲ್ಲಿ ಸಿಕ್ಕಿಕೊಂಡ ಮೀನುಗಳು ಬಾಯಿಗೆ ಬೀಗ ಹಾಕಿಕೊಂಡಿರುತ್ತವೆ. ರಜೆ ಸಿಕ್ಕಿದ ದಿನವೇ ಹೋಗಬೇಕಾದ ಅಳಿಯಂದಿರಿಗೆ ಇದು ಕಷ್ಟದ ಮಾತು, ಆದರೆ ತಮ್ಮಂತಹ ಬಿಡುವಿನ ಅತಿಥಿಗಳಿಗೆ ಅನುಕೂಲವೇ.

ಇನ್ನು ನೆಗೆಯುವ ಮೀನಿನ ವಿಷಯ. ನೆಗೆತ ಮೀನು ಅಲ್ಲಿದೆ ಎಂದಷ್ಟೇ ಹೇಳುತ್ತದೆ, ಕಚ್ಚುತ್ತದೆ ಎಂದಲ್ಲ. ನೀರಿನ ಮೇಲೆ ಹೊರಳುವ ಮೀನಿಗೆ ಗುರಿಯಿಟ್ಟು ಎಸೆದಷ್ಟೂ ದಾರ ಅದರ ಬೆನ್ನಿನ ಮೇಲೆ ಬಿದ್ದು ಇಡೀ ಗುಂಪು ಬೆದರುತ್ತದೆ. ಗುಂಪಿನ ಅಂಚಿಗೆ, ಆಳದಲ್ಲಿ ಸದ್ದಿಲ್ಲದೆ ನಿಂತ ಮೀನಿನ ಮುಂದಕ್ಕೆ ಫ್ಲೈ ಬೀಳಬೇಕು. ಕೋಹೋ ರಭಸದ ಹರಿವಿನಲ್ಲಿ ತಂಗುವುದಿಲ್ಲ. ದಂಡೆಗೆ ಒರಗಿ ಬಿದ್ದ ಮರದ ಕೆಳಗೆ, ಕವಲು ಕಾಲುವೆಯ ನಿಂತ ನೀರಿನಲ್ಲಿ, ನಿಧಾನವಾಗಿ ಸುತ್ತುವ ಮಡುವಿನಲ್ಲಿ ವಿಶ್ರಮಿಸುತ್ತದೆ. ಸೂರ್ಯ ಏರಿದಂತೆ ಅದರ ಆಸಕ್ತಿ ಇಳಿಯುತ್ತದೆ. ನಸುಕಿನ ಮೊದಲ ಗಂಟೆಯನ್ನು ಕಾಫಿ ಕುಡಿಯುತ್ತ ಕಳೆದವರು ಉಳಿದ ದಿನವೆಲ್ಲ ರಾಡ್ ಬೀಸಿದರೂ ಆ ಗಂಟೆ ಮರಳಿ ಬಾರದು.

ಪ್ರಶ್ನೆ: ಫ್ಲೈ ಫಿಶಿಂಗ್‌ನಲ್ಲಿ ಕೋಹೋಗೆ ಯಾವ ಬಣ್ಣದ ಫ್ಲೈ ಉತ್ತಮ? ಎಳೆಯುವ ಕ್ರಮವೇನು?
– ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಗುಲಾಬಿ, ನೇರಳೆ, ಎಳೆಹಸಿರು, ಕಪ್ಪು, ಇವೆಲ್ಲವೂ ಮೀನು ಹಿಡಿದುಕೊಟ್ಟಿವೆ. ನೀರು ಕದಡಿದ್ದಾಗ ಗಾಢ ಬಣ್ಣ, ತಿಳಿಯಾಗಿದ್ದಾಗ ಚಿಕ್ಕದಾದ ಮಂಕು ಫ್ಲೈ, ಇಷ್ಟು ತಿಳಿದಿದ್ದರೆ ಸಾಕು. ಬಣ್ಣಕ್ಕೆ ಅಂಗಡಿಗಳಲ್ಲಿ ಸಲ್ಲುವ ಮರ್ಯಾದೆ ಹೊಳೆಯಲ್ಲಿ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಳೆಯುವ ಕ್ರಮವೇ ಮುಖ್ಯ, ಏಕೆಂದರೆ ಕೋಹೋ ತಂಗುವ ನಿಂತ ನೀರಿನಲ್ಲಿ ಫ್ಲೈಗೆ ಜೀವ ತುಂಬಲು ಹರಿವು ಇರುವುದಿಲ್ಲ. ಆ ಕೆಲಸವನ್ನು ತಮ್ಮ ಎಡಗೈ ಮಾಡಬೇಕು.

ಗಾಳದ ಕಣ್ಣಿನ ಬಳಿ ಲೋಹದ ಪುಟ್ಟ ಗುಂಡುಗಳನ್ನು ಕಟ್ಟಿದ ಕ್ಲೌಸರ್ ಮಿನ್ನೋ, ಮೆತ್ತನೆಯ ಮರಾಬೂ ಗರಿಯ ವೂಲಿ ಬಗ್ಗರ್, ಇವೆರಡೂ ಬಳಕೆಯಲ್ಲಿರುವ ಮಾದರಿಗಳು. ದಾರವನ್ನು ಗೇಣುದ್ದ ಚುರುಕಾಗಿ ಎಳೆದಾಗ ಕ್ಲೌಸರ್ ಮೇಲೇಳುತ್ತದೆ, ಬಿಟ್ಟ ಕೂಡಲೇ ಮೂಗು ತಗ್ಗಿಸಿ ಇಳಿಯುತ್ತದೆ. ಬಹಳ ಸಲ ಮೀನು ಹಿಂದೆಯೇ ಬಂದು, ಈ ಇಳಿಯುವ ಕ್ಷಣದಲ್ಲಿ, ಕೆಲವೊಮ್ಮೆ ತಮ್ಮ ಕಾಲಬುಡದಲ್ಲೇ ಕಚ್ಚುತ್ತದೆ. ಹಾಗಾಗಿ ಫ್ಲೈ ಪೂರ್ತಿ ದಂಡೆಗೆ ಬರುವ ತನಕ ಎಳೆತ ನಿಲ್ಲಿಸಬಾರದು. ನಾಲ್ಕಾರು ಎಸೆತಕ್ಕೆ ಪ್ರತಿಕ್ರಿಯೆ ಇಲ್ಲದಿದ್ದರೆ ಫ್ಲೈ ಬದಲಿಸುವ ಮೊದಲು ವೇಗ ಬದಲಿಸಿ: ಒಮ್ಮೆ ಎರಡೂ ಕೈಯಿಂದ ಓಡಿಸಿ, ಒಮ್ಮೆ ತೆವಳಿಸಿ. ಅದಕ್ಕೂ ಮಣಿಯದಿದ್ದರೆ ಮಡುವಿಗೆ ಸ್ವಲ್ಪ ಹೊತ್ತು ವಿಶ್ರಾಂತಿ ಕೊಡಿ.

ರಾಡ್ 7 ಅಥವಾ 8ನೇ ತೂಕದ್ದು ಬೇಕು (ರಾಡ್ ಎಷ್ಟು ಭಾರದ ಲೈನ್‌ಗೆ ಹೊಂದುತ್ತದೆ ಎಂಬುದನ್ನು ಹೇಳುವ ಸಂಖ್ಯೆ ಇದು). ತುದಿ ಮುಳುಗುವ ಲೈನ್, ಅದಕ್ಕೆ ಗಿಡ್ಡ ಲೀಡರ್ (ಲೈನ್‌ಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ). ಲೀಡರ್ ಉದ್ದವಾದರೆ ಲೈನ್ ಮುಳುಗಿದರೂ ಫ್ಲೈ ಮೇಲೆಯೇ ತೇಲಾಡುತ್ತದೆ. ಮೀನು ಕಚ್ಚಿದಾಗ, ಬೆಂಡು ಮುಳುಗಿದೊಡನೆ ಕೋಲು ಎತ್ತುವ ನಮ್ಮ ರೂಢಿಯನ್ನು ಮರೆಯಬೇಕು. ರಾಡ್ ತುದಿಯನ್ನು ನೀರಿಗೆ ತಗ್ಗಿಸಿಯೇ ಇಟ್ಟು, ಎಡಗೈಯಿಂದ ದಾರವನ್ನು ಬಲವಾಗಿ ಎಳೆದು ಗಾಳ ನೆಡಬೇಕು. ಆಗ ತಪ್ಪಿದರೂ ಫ್ಲೈ ಮೀನಿನ ಮುಂದೆಯೇ ಉಳಿಯುತ್ತದೆ, ಅದು ಮತ್ತೊಮ್ಮೆ ಕಚ್ಚಬಹುದು. ಸಿಕ್ಕಿದ ಕೋಹೋ ನೆಗೆಯುತ್ತದೆ, ಮೈ ತಿರುಚಿ ಹೊರಳುತ್ತದೆ. ದಾರ ಸಡಿಲವಾದ ಕ್ಷಣದಲ್ಲಿ ಗಾಳ ಕಳಚುತ್ತದೆ.

ಪ್ರಶ್ನೆ: ಈ ಮೀನಿನ ಮರಿಗಳನ್ನು ಭದ್ರಾ ಅಥವಾ ಯಗಚಿ ಜಲಾಶಯಕ್ಕೆ ಬಿಟ್ಟರೆ ಬೆಳೆಯುವುದಿಲ್ಲವೇ?
– ಓದುಗರು, ಬೇಲೂರು

ಉತ್ತರ: ಬೆಳೆಯುವುದಿಲ್ಲ, ಬಿಡುವುದೂ ಸಲ್ಲದು. ಕೋಹೋಗೆ ವರ್ಷವಿಡೀ ತಣ್ಣನೆಯ ನೀರು ಬೇಕು, ನಮ್ಮ ಜಲಾಶಯಗಳ ಬೇಸಿಗೆಯನ್ನು ಅದು ತಾಳದು. 1966ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದವರು ಕೋಹೋ ಮರಿಗಳನ್ನು ಮಹಾಸರೋವರಗಳಿಗೆ ಸೇರುವ ಹೊಳೆಗಳಿಗೆ ಬಿಟ್ಟು ಯಶಸ್ವಿಯಾದದ್ದು ನಿಜ. ಅಲ್ಲಿ ಸಿಹಿನೀರಿನ ಸರೋವರವೇ ಕಡಲಿನ ಸ್ಥಾನ ತುಂಬಿತು. ಆದರೆ ಅದು ಹಿಮ ಬೀಳುವ ನಾಡು. ಕಾವೇರಿ ಕೊಳ್ಳದ ಕಿತ್ತಳೆ ರೆಕ್ಕೆಯ ಮಹಶೀರ್ ತನ್ನ ನೆಲೆಯಲ್ಲೇ ಅಳಿವಿನಂಚಿಗೆ ಬಂದಿರುವಾಗ, ಹೊರಗಿನ ಮೀನು ತರುವ ಯೋಚನೆಗೆ ನನ್ನ ಸಮ್ಮತಿಯಿಲ್ಲ.

ಪ್ರಶ್ನೆ: ಹಿಡಿದ ಕೋಹೋವನ್ನು ಮನೆಗೆ ಒಯ್ಯಬಹುದೇ? ಬೇರೆ ಸಾಲ್ಮನ್‌ನಿಂದ ಗುರುತಿಸುವುದು ಹೇಗೆ?
– ಗೃಹಿಣಿ, ಮೂಡಿಗೆರೆ

ಉತ್ತರ: ಬಾಯಿ ತೆರೆದು ನೋಡಿ. ಕೋಹೋದ ಹಲ್ಲಿನ ಬುಡದ ವಸಡು ಬಿಳಿಯಾಗಿರುತ್ತದೆ, ಚಿನೂಕ್ ಸಾಲ್ಮನ್‌ನದು ಕಪ್ಪು. ಕೋಹೋದ ಬಾಲದ ಮೇಲರ್ಧದಲ್ಲಿ ಮಾತ್ರ ಚುಕ್ಕೆಗಳಿರುತ್ತವೆ, ಚಿನೂಕ್‌ಗೆ ಇಡೀ ಬಾಲದ ಮೇಲೆ. ಬಳಿಕ ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಸಮೀಪವಿರುವ ಚಿಕ್ಕ ಕೊಬ್ಬಿನ ರೆಕ್ಕೆಯನ್ನು ಗಮನಿಸಿ. ಮರಿಕೇಂದ್ರದಲ್ಲಿ ಬೆಳೆಸಿದ ಮೀನಿಗೆ ಸಾಮಾನ್ಯವಾಗಿ ಆ ರೆಕ್ಕೆಯನ್ನು ಮರಿಯಿರುವಾಗಲೇ ಕತ್ತರಿಸಿರುತ್ತಾರೆ. ರೆಕ್ಕೆ ಇರುವ ಮೀನನ್ನು ಕಾಡುಮೀನೆಂದು ಎಣಿಸಿ ಬಿಡಬೇಕೆಂಬ ನಿಯಮ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಹಲವು ಹೊಳೆಗಳಲ್ಲಿದೆ. ಹೊಟ್ಟೆಗೋ ಬಾಲಕ್ಕೋ ಗಾಳ ಸಿಕ್ಕಿ ಬಂದ ಮೀನನ್ನೂ ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಜೊತೆಗೆ ಹಿಡಿದ ಸಾಲ್ಮನ್ ನಮೂದಿಸುವ ಕಾರ್ಡ್ ಕೂಡ ಬೇಕು. ನಿಯಮ ಹೊಳೆಯಿಂದ ಹೊಳೆಗೆ ಬೇರೆ, ಋತುವಿನ ನಡುವೆಯೇ ಬದಲಾಗುವುದೂ ಉಂಟು; ಆದ್ದರಿಂದ ಹೊರಡುವ ಹಿಂದಿನ ದಿನ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪ್ರಕಟಣೆಯನ್ನು ನೋಡಿಕೊಳ್ಳಲು ಮಕ್ಕಳಿಗೆ ಹೇಳಿ. ಒಯ್ಯುವುದಾದರೆ ಬೆಳ್ಳಿ ಬಣ್ಣದ ಹೊಸ ಮೀನನ್ನೇ ಒಯ್ಯಿರಿ. ಕೆಂಪಡರಿದ ಮೀನಿನ ಮಾಂಸ ಬಿಳಿಚಿ ಮೆತ್ತಗಾಗಿರುತ್ತದೆ, ಎಷ್ಟು ಮಸಾಲೆ ಅರೆದು ಹಾಕಿದರೂ ಸಾರಿಗೆ ರುಚಿ ಬಾರದು.